ಟಿಂಕರ್ ಟೇಲರ್ ಸೋಲ್ಜರ್ ಸ್ಪೈ (ಟಿವಿ ಸರಣಿ)

ಜಾನ್ ಲೆ ಕಾರೆ 1974ರಲ್ಲಿ ಬರೆದ ಕಾದಂಬರಿಯನ್ನು ಆಧರಿಸಿ ಬಿಬಿಸಿ 1979ರಲ್ಲಿ ಪ್ರಸಾರ ಮಾಡಿದ ಏಳು ಕಂತುಗಳ ಬ್ರಿಟಿಷ್ ಗೂಢಚಾರ ಸರಣಿ. ನಿರ್ದೇಶನ ಜಾನ್ ಇರ್ವಿನ್, ಚಿತ್ರಕಥೆ ಆರ್ಥರ್ ಹಾಪ್‌ಕ್ರಾಫ್ಟ್. ಬ್ರಿಟನ್ನಿನ ಬೇಹುಗಾರಿಕೆ ಇಲಾಖೆಯ ನೆತ್ತಿಯಲ್ಲೇ ಕೂತ ಸೋವಿಯತ್ ಗೂಢಚಾರನನ್ನು ನಿವೃತ್ತ ಅಧಿಕಾರಿ ಜಾರ್ಜ್ ಸ್ಮೈಲಿ ಪತ್ತೆ ಹಚ್ಚುವುದು ಕಥೆ. ಸ್ಮೈಲಿ ಪಾತ್ರ ಅಲೆಕ್ ಗಿನ್ನೆಸ್‌ಗೆ ಬಾಫ್ಟಾ ಪ್ರಶಸ್ತಿ ತಂದಿತು.

ಮನೆಯಲ್ಲಿ ಡಿವಿಡಿ ಹಾಕಿ ನೋಡುವವರಿಗೆ ಇದು ಹೇಳಿ ಮಾಡಿಸಿದ ಸರಣಿ. ಮೊದಲ ದೃಶ್ಯವನ್ನೇ ನೋಡಿ: ಸಭಾಕೊಠಡಿಗೆ ನಾಲ್ವರು ಒಬ್ಬೊಬ್ಬರಾಗಿ ಬಂದು ಕೂರುತ್ತಾರೆ, ಮಾತಿಲ್ಲ. ಒಬ್ಬ ಕಡತ ಜೋಡಿಸುತ್ತಾನೆ, ಕೊನೆಗೆ ಬಂದವನ ಕೈಯಲ್ಲಿ ಸಾಸರ್ ಮುಚ್ಚಿದ ಚಹಾ ಕಪ್ಪು. ಮೊದಲ ಸಲ ಇದು ಬರೀ ಆಫೀಸಿನ ಬೆಳಗು. ಕಥೆ ಮುಗಿದ ಮೇಲೆ ಹಿಂದಕ್ಕೆ ತಿರುಗಿಸಿ ನೋಡಿದರೆ ಪ್ರತಿಯೊಬ್ಬರ ನಡಿಗೆ, ನೋಟ ಎಲ್ಲವೂ ಅವರವರ ಗುಣವನ್ನು ಆಗಲೇ ಹೇಳಿಬಿಟ್ಟಿರುವುದು ಕಾಣುತ್ತದೆ. ವಾರಕ್ಕೊಂದು ಕಂತು ಕಂಡ 1979ರ ಪ್ರೇಕ್ಷಕರಿಗೆ ಈ ಅನುಕೂಲ ಸುಲಭವಾಗಿ ಸಿಗುತ್ತಿರಲಿಲ್ಲ.

ಡಿಸ್ಕ್ ಕೊಳ್ಳುವಾಗ ಕಂತುಗಳ ಸಂಖ್ಯೆ ನೋಡಿಕೊಳ್ಳಬೇಕು.

ಅಮೆರಿಕದ ಪ್ರಸಾರಕ್ಕಾಗಿ ಸರಣಿಯನ್ನು ಆರು ಕಂತಿಗೆ ಇಳಿಸಿ, ಕೆಲವು ದೃಶ್ಯಗಳನ್ನು ಕತ್ತರಿಸಿ, ಕ್ರಮವನ್ನೂ ಬದಲಿಸಲಾಗಿತ್ತು. ಅಲ್ಲಿನ ಡಿವಿಡಿಯಲ್ಲಿ ಬಂದದ್ದೂ ಅದೇ ಆವೃತ್ತಿ. ನಿಧಾನವೇ ಜೀವಾಳವಾದ ಕಥೆಗೆ ಈ ಕತ್ತರಿ ನಿಜವಾದ ನಷ್ಟ. ಏಳು ಕಂತಿನ ಬ್ರಿಟಿಷ್ ಆವೃತ್ತಿಯನ್ನೇ ನೋಡುವುದು ಒಳ್ಳೆಯದು.

ಮುಂದುವರಿದ ಭಾಗ ‘ಸ್ಮೈಲೀಸ್ ಪೀಪಲ್’ 1982ರಲ್ಲಿ ಬಂತು. ಸ್ಮೈಲಿಯ ಸೋವಿಯತ್ ಎದುರಾಳಿ ಕಾರ್ಲಾ ಆಗಿ ಪ್ಯಾಟ್ರಿಕ್ ಸ್ಟೀವರ್ಟ್ ಎರಡರಲ್ಲೂ ಕಾಣಿಸಿಕೊಂಡರೂ ಒಂದು ಮಾತನ್ನೂ ಆಡುವುದಿಲ್ಲ.