ಅಕ್ಕಿ ಹೊತ್ತ ದೋಣಿಗಳು

ಹದಿನಾಲ್ಕನೇ ಶತಮಾನದ ಯಾತ್ರಿಕ ಇಬ್ನ್ ಬತೂತ ಕಲ್ಲಿಕೋಟೆಯಿಂದ ಕೊಲ್ಲಂಗೆ ಹೊರಟದ್ದು ಒಳನಾಡಿನ ನೀರಹಾದಿಯಲ್ಲಿ. ಹತ್ತು ದಿನಗಳ ಪಯಣ. ಹಗಲು ದೋಣಿಯಲ್ಲಿ ಸಾಗಿ, ಸಂಜೆ ದಡದ ಹಳ್ಳಿಗಳಲ್ಲಿ ಇಳಿದು ತಂಗಿ, ಬೆಳಿಗ್ಗೆ ಮತ್ತೆ ದೋಣಿ ಏರುತ್ತಿದ್ದೆವೆಂದು ಆತ ಬರೆದಿದ್ದಾನೆ. ನಮ್ಮ ಹೊನ್ನಾವರ, ಮಂಗಳೂರುಗಳನ್ನೂ ಕಂಡಿದ್ದ ಆತ ಈ ಕಡಲಿನ ಹಡಗುಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದ ಸಂಗತಿಯನ್ನೂ ದಾಖಲಿಸಿದ್ದಾನೆ. ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದದ್ದು ಬಾಗಿ ಉಳಿಯುತ್ತದೆ ಎಂಬುದು ಆತ ಕೊಟ್ಟ ಕಾರಣ.

ಕೇರಳದ ಕೆಟ್ಟುವಳ್ಳಂ ಅದೇ ವಿದ್ಯೆಯ ಕುಡಿ. 'ಕೆಟ್ಟು' ಎಂದರೆ ಕಟ್ಟು, 'ವಳ್ಳಂ' ಎಂದರೆ ದೋಣಿ. ಹೆಬ್ಬಲಸಿನ ಹಲಗೆಗಳನ್ನು ಒಂದಕ್ಕೊಂದು ಜೋಡಿಸಿ, ನಡುವೆ ನಾರು ತುಂಬಿ, ಹುರಿಯಿಂದ ಬಿಗಿದು, ಮೇಲೆ ಗೇರುಬೀಜದ ಕಪ್ಪು ಎಣ್ಣೆ ಬಳಿಯುತ್ತಿದ್ದರು. ಒಂದೇ ಒಂದು ಮೊಳೆಯಿಲ್ಲದ ದೊಡ್ಡ ದೋಣಿ ಸುಮಾರು 30 ಟನ್ ಸರಕು ಹೊರುತ್ತಿತ್ತು. ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿರುವ ಕುಟ್ಟನಾಡಿನ ಗದ್ದೆಗಳ ಭತ್ತ, ಅಕ್ಕಿ ಕೊಚ್ಚಿಯ ಪೇಟೆಗೆ ಹೋಗುತ್ತಿದ್ದುದು ಇದರಲ್ಲೇ. ಗಳು ಊರಿ ದೋಣಿ ನಡೆಸುವವರ ಅಡುಗೆ, ನಿದ್ದೆ ಎಲ್ಲವೂ ಸರಕಿನ ಪಕ್ಕದಲ್ಲೇ.

ರಸ್ತೆ, ಸೇತುವೆಗಳು ಬಂದವು. ಲಾರಿ ಗಂಟೆಗಳಲ್ಲಿ ತಲುಪುವ ಊರಿಗೆ ದಿನಗಟ್ಟಲೆ ಸಾಗುವ ದೋಣಿಯನ್ನು ಯಾವ ವ್ಯಾಪಾರಿ ಕಾಯುತ್ತಾನೆ? ದೋಣಿಗಳು ಮೂಲೆಗೆ ಬಿದ್ದವು. 1990ರ ದಶಕದ ಆರಂಭದಲ್ಲಿ ಆಲಪ್ಪುಳದ ಕಡೆ ಅವುಗಳಿಗೆ ಇನ್ನೊಂದು ಜೀವ ಬಂತು. ಅಕ್ಕಿಮೂಟೆಯ ಜಾಗದಲ್ಲಿ ಮಲಗುವ ಕೋಣೆ, ಶೌಚಾಲಯ, ಅಡುಗೆಮನೆ; ಮೇಲೆ ಬಿದಿರು ಚಾಪೆಯ ಮಾಡು; ಗಳುವಿನ ಬದಲು ಡೀಸೆಲ್ ಎಂಜಿನ್. ಹೆಸರು ಹೌಸ್‌ಬೋಟ್.

ಈ ರೂಪಾಂತರವನ್ನು ನಾವು ಹಳಿಯಲಾರೆವು. ಸೌದೆಯಾಗಬಹುದಾಗಿದ್ದ ದೋಣಿಗಳು ಉಳಿದವು. ಹೊಲಿಯುವ ಕೈಗಳಿಗೆ ಕೆಲಸ ಸಿಕ್ಕಿತು, ದೋಣಿಯವನಿಗೆ, ಅಡುಗೆಯವನಿಗೆ ಸಂಬಳ ಸಿಕ್ಕಿತು. ಆದರೆ ಹಳೆಯ ದೋಣಿಗಳು ಮುಗಿದ ಮೇಲೂ ಬೇಡಿಕೆ ಮುಗಿಯಲಿಲ್ಲ. ಪ್ರವಾಸಿಗರಿಗೆಂದೇ ಹೊಸವು ಹುಟ್ಟಿದವು. ಮಹಡಿಗಳೆದ್ದವು, ಹವಾನಿಯಂತ್ರಣ ಬಂತು. 2002ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ವೇಂಬನಾಡು ಕೆರೆಗೆ ಎಂಜಿನ್ನಿನ ಎಣ್ಣೆಯೂ ಶೌಚದ ಕೊಳಕೂ ಸೇರಿದವು. ಆ ನೀರಿನ ಕೊಳಕೆಲ್ಲ ಹೌಸ್‌ಬೋಟುಗಳದ್ದಲ್ಲ, ನಗರಗಳ ಚರಂಡಿ, ಗದ್ದೆಗಳ ಕೀಟನಾಶಕಗಳ ಪಾಲೂ ಇದೆ. ಆದರೂ ಅದರಲ್ಲೇ ಪಾತ್ರೆ ತೊಳೆಯುವ, ಮೀನು ಹಿಡಿಯುವ ದಡದ ಜನರಿಗೆ ಈ ಲೆಕ್ಕಾಚಾರದಿಂದ ಸಮಾಧಾನ ಸಿಗುವುದಿಲ್ಲ.

ಸಂಜೆ ಮೀನುಗಾರರು ಬಲೆ ಬೀಸುವ ಹೊತ್ತಿಗೆ ಹೌಸ್‌ಬೋಟುಗಳು ನಿಲ್ಲಬೇಕೆಂಬ ಕಟ್ಟಳೆ ಅಲ್ಲಿದೆ. ಒಳ್ಳೆಯ ಕಟ್ಟಳೆ. ಇಬ್ನ್ ಬತೂತನ ದೋಣಿಯೂ ಸಂಜೆ ನಿಲ್ಲುತ್ತಿತ್ತು, ಆದರೆ ಪಯಣಿಗ ಇಳಿದು ಹಳ್ಳಿಯಲ್ಲಿ ತಂಗುತ್ತಿದ್ದ. ಇಂದಿನ ಅತಿಥಿ ದೋಣಿಯಲ್ಲೇ ಉಂಡು, ಮಲಗಿ, ಕಿಟಕಿಯಿಂದ ಹಳ್ಳಿಯನ್ನು ನೋಡುತ್ತಾನೆ. ನಮ್ಮ ಕರಾವಳಿಯ ಅಳಿವೆಗಳಲ್ಲೂ ಇಂಥ ದೋಣಿಗಳು ಬರಲೆಂದು ಬಯಸುವವರು ಮೊದಲು ದಡದ ಮನೆಯವರನ್ನು ಕೇಳಲಿ. ನೀರು ಅವರ ಅಂಗಳ.