ಭಾರತಕಥೆಯ ಚಿತ್ರಕಾರ ಎಂ. ಟಿ. ವಿ. ಆಚಾರ್ಯರು

ರಬಕವಿ, ಜಮಖಂಡಿ, ಮುಧೋಳಗಳ ಸೀಮೆಗೆ ಭಾರತಕಥೆಯು ಹೊಸತಲ್ಲ. ಹತ್ತನೆಯ ಶತಮಾನದಲ್ಲಿ ಮುದುವೊಳಲಿನ, ಎಂದರೆ ಇಂದಿನ ಮುಧೋಳದ, ರನ್ನನು ‘ಗದಾಯುದ್ಧ’ವನ್ನು ರಚಿಸಿದನು. ಅನಂತರದ ಕಾಲದಲ್ಲಿ ಶ್ರೀಕೃಷ್ಣ ಪಾರಿಜಾತದ ಆಟವು ಈ ಭಾಗದ ಹಳ್ಳಿಗಳಲ್ಲಿ ಕೃಷ್ಣನನ್ನು ರಂಗಕ್ಕೆ ತಂದಿತು. ಇದೇ ಕಥೆಯನ್ನು ಅಚ್ಚಿನ ವರ್ಣಚಿತ್ರವಾಗಿ ಮಕ್ಕಳ ಕೈಗಿತ್ತವರಲ್ಲಿ ಕನ್ನಡಿಗರಾದ ಎಂ. ಟಿ. ವಿ. ಆಚಾರ್ಯರು (1920–1992) ಗಣ್ಯರು. ನಮ್ಮ ಕಲಾಚರಿತ್ರೆಗಳಲ್ಲಿ ಅವರಿಗೆ ತಕ್ಕ ಸ್ಥಾನವು ದೊರೆತಿಲ್ಲವಾದುದರಿಂದ ಈ ಕಿರುಲೇಖನವು ಅವಶ್ಯವಾಯಿತು.

ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು 1947ರಲ್ಲಿ ಮದರಾಸಿನಿಂದ ‘ಚಂದಮಾಮ’ವನ್ನು ತೆಲುಗು, ತಮಿಳುಗಳಲ್ಲಿ ಹೊರಡಿಸಿದರು, 1949ರಲ್ಲಿ ಅದು ಕನ್ನಡದಲ್ಲಿಯೂ ಬಂದಿತು. ಚಿತ್ರಾ, ಶಂಕರ್, ವಡ್ಡಾದಿ ಪಾಪಯ್ಯ ಮೊದಲಾದ ಕಲಾವಿದರು ಅದರ ಪುಟಗಳನ್ನು ಅಲಂಕರಿಸಿದರು. ಆಚಾರ್ಯರ ಕೀರ್ತಿಯಾದರೋ ಮುಖ್ಯವಾಗಿ ಮಹಾಭಾರತದ ಮುಖಪುಟಗಳ ಮೇಲೆ ನಿಂತಿದೆ.

ಇಲ್ಲಿ ವಿಚಾರಾರ್ಹವಾದ ಸಂಗತಿಯೊಂದುಂಟು. ಪತ್ರಿಕೆಯ ಮಾತು ಭಾಷೆಯಿಂದ ಭಾಷೆಗೆ ಬದಲಾಗುತ್ತಿದ್ದರೂ ಚಿತ್ರವು ಒಂದೇ ಆಗಿರುತ್ತಿತ್ತು. ಆದಕಾರಣ ಚಿತ್ರಿತನಾದ ಭೀಮನು ಕನ್ನಡ, ತೆಲುಗು, ತಮಿಳು ಓದುಗರೆಲ್ಲರಿಗೂ ತಮ್ಮವನೆಂದು ತೋರಬೇಕಾಗಿತ್ತು. ಕಾವ್ಯಗಳು ಪ್ರಾಂತಪ್ರಾಂತಕ್ಕೆ ಬೇರೆಬೇರೆಯಾಗಿ ಕಟ್ಟಿಕೊಟ್ಟ ವೀರರಿಗೆ ಹೀಗೆ ಸಾಮಾನ್ಯವಾದ ಒಂದು ರೂಪವು ಲಭಿಸಿತು. ಇದರಿಂದ ಪ್ರಾದೇಶಿಕ ವೈಶಿಷ್ಟ್ಯವು ಕೆಲಮಟ್ಟಿಗೆ ಮಸುಳಿತೆಂಬುದನ್ನೂ ಒಪ್ಪಬೇಕು. ಪಾರಿಜಾತದ ವೇಷಭೂಷಣವನ್ನು ಆ ಪುಟಗಳಲ್ಲಿ ಅರಸುವುದು ವ್ಯರ್ಥ.

ಕಾರ್ಕಳದಲ್ಲಿ ಜನಿಸಿದ ಅನಂತ ಪೈಯವರು 1967ರಲ್ಲಿ ಆರಂಭಿಸಿದ ‘ಅಮರ ಚಿತ್ರಕಥೆ’ಯ ರೀತಿಯು ಬೇರೆ. ಅಲ್ಲಿ ಕಥೆಯು ಚೌಕಟ್ಟಿನಿಂದ ಚೌಕಟ್ಟಿಗೆ ಸಾಗುತ್ತದೆ. ಆಚಾರ್ಯರಿಗಿದ್ದುದು ಒಂದೇ ಪುಟ. ನಡೆದುದನ್ನೂ ನಡೆಯಲಿರುವುದನ್ನೂ ಅವರು ಒಂದೇ ಕ್ಷಣದ ನಿಲುವಿನಲ್ಲಿ ಸೂಚಿಸಬೇಕಾಗಿತ್ತು. ರನ್ನನು ಯುದ್ಧದ ಕೊನೆಯ ದಿನವನ್ನು ಹಿಡಿದು, ಸಿಂಹಾವಲೋಕನ ಕ್ರಮದಿಂದ ಸಮಗ್ರ ಭಾರತವನ್ನು ಹೇಳಿದ ಬಗೆಯು ಇಲ್ಲಿ ನೆನಪಿಗೆ ಬರುತ್ತದೆ. ಮಾಧ್ಯಮಗಳು ಭಿನ್ನವಾದರೂ ಇಬ್ಬರ ಮುಂದಿದ್ದ ಸಮಸ್ಯೆಯು ಒಂದೇ ಜಾತಿಯದು.

ಮುಂದೆ ಬೆಂಗಳೂರಿನಲ್ಲಿ ‘ಆಚಾರ್ಯ ಚಿತ್ರಕಲಾ ಭವನ’ವನ್ನು ಸ್ಥಾಪಿಸಿ ಅವರು ಅಂಚೆಯ ಮೂಲಕ ಚಿತ್ರಕಲೆಯನ್ನು ಕಲಿಸಿದರು. ಕಲಾಶಾಲೆಯಿಲ್ಲದ ಊರುಗಳ ತರುಣರಿಗೆ ಇದು ಸಣ್ಣ ಉಪಕಾರವಲ್ಲ.

‘ಚಂದಮಾಮ’ವು 2013ರಲ್ಲಿ ನಿಂತುಹೋಯಿತು. ಅದಕ್ಕಿಂತಲೂ ಶೋಚನೀಯವಾದ ಸಂಗತಿಯೊಂದಿದೆ. ಹಳೆಯ ಸಂಚಿಕೆಗಳನ್ನು ಸಂಪುಟವಾಗಿ ಬೈಂಡು ಮಾಡಿಸುವಾಗ ಹೊದಿಕೆಯ ಪುಟಗಳನ್ನು ಕಿತ್ತೆಸೆಯುವ ರೂಢಿಯು ಗ್ರಂಥಾಲಯಗಳಲ್ಲಿ ಉಂಟು. ಆಚಾರ್ಯರ ಉತ್ತಮ ಕೃತಿಗಳಿದ್ದುದು ಆ ಪುಟಗಳಲ್ಲಿಯೇ. ಹೀಗೆ ಕಥೆಯು ಉಳಿದು ಚಿತ್ರವು ಅಳಿಯಿತು. ನೇಕಾರರ ಊರಾದ ರಬಕವಿಯ ಮನೆಗಳಲ್ಲಿ ಹಿರಿಯರು ಕಾದಿರಿಸಿದ ಬಿಡಿ ಸಂಚಿಕೆಗಳಿದ್ದರೆ, ಅವುಗಳನ್ನು ಹುಡುಕಿ, ತಿಂಗಳು-ವರ್ಷಗಳೊಡನೆ ಪಟ್ಟಿಮಾಡುವುದು ನಮ್ಮ ವಿದ್ಯಾರ್ಥಿಗಳಿಗೆ ಯೋಗ್ಯವಾದ ಕಾರ್ಯವಾಗಿದೆ. ಶಾಸನವನ್ನು ಓದುವಷ್ಟೇ ಶ್ರದ್ಧೆಯಿಂದ ಮುಖಪುಟವನ್ನೂ ಓದಿದಲ್ಲಿ ಮಾತ್ರ ಈ ಕಲಾವಿದರ ಋಣವು ಕಿಂಚಿತ್ತಾದರೂ ಸಂದೀತು.