ಮೊಡವೆಯನ್ನು ತಿಕ್ಕಿ ತೊಳೆದ ನೂರೈವತ್ತು ವರ್ಷ

ಹದಿನಾಲ್ಕು ಹದಿನೈದರ ಮಕ್ಕಳ ಮುಖದಲ್ಲಿ ಮೊಡವೆ ಎದ್ದರೆ ಮನೆಯಲ್ಲಿ ಮೊದಲು ಕೇಳಿಬರುವ ಮಾತು 'ಮುಖ ಸರಿಯಾಗಿ ತೊಳಿ' ಎನ್ನುವುದು. ಅದೇ ಮುಖದ ಕೆನ್ನೆ ಒಣಗಿ ಹೊಟ್ಟೇಳುತ್ತಿದ್ದರೂ, ಮೂಗಿನ ಪಕ್ಕ ಕೆಂಪಾಗಿ ಬರೀ ನೀರು ಸೋಕಿದರೂ ಚುರುಗುಟ್ಟುತ್ತಿದ್ದರೂ ಮಾತು ಬದಲಾಗುವುದಿಲ್ಲ. ದಿನಕ್ಕೆ ಎರಡು ಸಲ ತೊಳೆಯುತ್ತಿದ್ದ ಮಗು ನಾಲ್ಕು ಸಲ ತೊಳೆಯುತ್ತದೆ, ಸಾಲದೆ ಹರಳುಹರಳಾದ ಸ್ಕ್ರಬ್ ತಂದು ತಿಕ್ಕುತ್ತದೆ. ಮೊಡವೆ ಎಂದರೆ ಜಿಡ್ಡು, ಜಿಡ್ಡೆಂದರೆ ಕೊಳೆ, ಕೊಳೆಯನ್ನು ತೆಗೆದು ಒಣಗಿಸಿದರೆ ಮೊಡವೆ ಹೋಗುತ್ತದೆ ಎಂಬ ತರ್ಕ ಇದರ ಹಿಂದಿದೆ. ಹಿರಿಯರ ಕಾಲದಿಂದ ಬಂದ ತಿಳಿವಳಿಕೆಯೆಂದು ನಾವು ಇದನ್ನು ನಂಬಿದ್ದೇವೆ. ಆದರೆ ಚರಿತ್ರೆಯನ್ನು ಕೆದಕಿದರೆ ಈ ತರ್ಕಕ್ಕೆ ಹೆಚ್ಚೆಂದರೆ ನೂರೈವತ್ತು ವರ್ಷ ವಯಸ್ಸು. ಅದು ಕಾರ್ಖಾನೆಯ ಸಾಬೂನಿನ ಜೊತೆ ಬೆಳೆದದ್ದು. ಅದರ ಪೆಟ್ಟು ಹೆಚ್ಚು ಬಿದ್ದಿರುವುದು ಒಣಚರ್ಮವೂ ಇದ್ದು ಮೊಡವೆಯೂ ಏಳುವ ಮಕ್ಕಳ ಮೇಲೆ.

ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಕ್ಷುದ್ರರೋಗಗಳನ್ನು ಹೇಳುವ ಅಧ್ಯಾಯವಿದೆ. ಪ್ರಾಯಕ್ಕೆ ಬಂದವರ ಮುಖದ ಮೇಲೆ ಏಳುವ ಗುಳ್ಳೆಗಳನ್ನು ಅಲ್ಲಿ ಮುಖದೂಷಿಕೆ ಎಂದು ಕರೆದು, ಬೂರುಗದ ಮರದ ಮುಳ್ಳಿಗೆ ಹೋಲಿಸಲಾಗಿದೆ. ಬೂರುಗದ ಕಾಂಡವನ್ನು ಹತ್ತಿರದಿಂದ ನೋಡಿದವರಿಗೆ ಈ ಹೋಲಿಕೆ ಎಷ್ಟು ನಿಖರವೆಂದು ಗೊತ್ತಾಗುತ್ತದೆ. ಆ ಮುಳ್ಳಿಗೆ ಬುಡ ಅಗಲ, ತುದಿ ಚೂಪು. ಹೊರಗಿನಿಂದ ಬಂದು ಅಂಟಿಕೊಂಡದ್ದಲ್ಲ, ತೊಗಟೆಯೇ ಉಬ್ಬಿ ಮುಳ್ಳಾದದ್ದು. ಕಾರಣವನ್ನು ಹೇಳುವಾಗಲೂ ಗ್ರಂಥ ಕೈತೋರಿಸುವುದು ಕಫ, ವಾತ, ರಕ್ತಗಳ ಕಡೆಗೆ, ಅಂದರೆ ದೇಹದ ಒಳಕ್ಕೆ. ಚಿಕಿತ್ಸೆಯಾಗಿ ವಮನವನ್ನೂ, ಬಜೆ, ಲೋಧ್ರ, ಸೈಂಧವ ಲವಣ, ಸಾಸಿವೆಗಳ ಲೇಪವನ್ನೂ ಹೇಳಿದೆ. ಬಿರಿದ ಚರ್ಮದ ಮೇಲೆ ಉಪ್ಪು ಸಾಸಿವೆ ಹಚ್ಚಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ, ಆ ಲೇಪವನ್ನು ಇಂದು ಯಾರೂ ಪ್ರಯೋಗಿಸಬಾರದು. ಆದರೂ ರೋಗಿಯನ್ನು ಕೊಳಕನೆಂದು ಕಾಣುವ ದೃಷ್ಟಿ ಅಲ್ಲಿಲ್ಲ. ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಲೇಖಕ ಸೆಲ್ಸಸ್, ಮೊಡವೆಗೆ ಮದ್ದು ಮಾಡುವುದೇ ಹೆಚ್ಚುಕಡಿಮೆ ಅವಿವೇಕವೆಂದು ಬರೆದ. ಹೆಂಗಸರು ಅಂದದ ಚಿಂತೆ ಬಿಡುವುದಿಲ್ಲವೆಂಬ ಕಾರಣಕ್ಕೆ ಕೆಲವು ಮದ್ದು ಹೇಳಿದ. ಅವನದು ತಾತ್ಸಾರವೇ ಹೊರತು ಕೊಳೆಯ ಆರೋಪವಲ್ಲ.

ನಮ್ಮ ಸ್ನಾನದ ಪದ್ಧತಿಯಲ್ಲೂ ಜಿಡ್ಡು ಶತ್ರುವಾಗಿರಲಿಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಸ್ನಾನವೂ ರಾಜನ ಭೋಗಗಳಲ್ಲಿ ಒಂದು. ಪರಿಮಳದ ಎಣ್ಣೆಯ ಅಭ್ಯಂಗ, ಆಮೇಲೆ ಮೈಗೆ ಉಜ್ಜುವ ಪುಡಿಗಳು ಅಲ್ಲಿ ಬರುತ್ತವೆ. ಅರಮನೆಯ ಪರಿಮಳ ಬಿಟ್ಟರೆ ಊರಿನ ಬಚ್ಚಲಿನಲ್ಲೂ ಇದೇ ಕ್ರಮ: ಹರಳೆಣ್ಣೆಯೋ ಎಳ್ಳೆಣ್ಣೆಯೋ ಕೊಬ್ಬರಿ ಎಣ್ಣೆಯೋ ಮೊದಲು, ಹಂಡೆಯ ಬಿಸಿನೀರು, ಸೀಗೆಪುಡಿ, ಕಡಲೆಹಿಟ್ಟು ಇಲ್ಲವೇ ಹೆಸರುಹಿಟ್ಟು, ಮಲೆನಾಡಿನಲ್ಲಾದರೆ ಮತ್ತಿಸೊಪ್ಪಿನ ಲೋಳೆ. ಹಿಟ್ಟಿಗೆ ಸಿಕ್ಕುತ್ತಿದ್ದುದು ಮೊದಲೇ ಎಣ್ಣೆ ಹೀರಿದ ಚರ್ಮ. ಹಿಟ್ಟು ಮೇಲಿನ ಜಿಡ್ಡನ್ನಷ್ಟೇ ಒಯ್ಯುತ್ತಿತ್ತು. ಸೀಗೆಕಾಯಿಯ ನೊರೆ ಬರುವುದು ಅದರಲ್ಲಿರುವ ಸಪೋನಿನ್ ಎಂಬ ಸಸ್ಯದ್ರವ್ಯದಿಂದ, ಸೀಗೆಯ ನೀರು ಕ್ಷಾರವಲ್ಲ, ತುಸು ಹುಳಿ. ಎಣ್ಣೆನೀರಿನ ದಿನ ವಾರಕ್ಕೊಮ್ಮೆ ಬರುವಂಥದ್ದು.

ಸಾಬೂನು ಹೊಸದೇನೂ ಅಲ್ಲ, ಆದರೆ ಅದು ಅಗ್ಗವಾದದ್ದು ಹೊಸದು. 1791ರಲ್ಲಿ ನಿಕೊಲಾ ಲೆಬ್ಲಾಂಕ್ ಉಪ್ಪಿನಿಂದ ಸೋಡಾ ತಯಾರಿಸುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಕ್ಷಾರದ ಕೊರತೆ ನೀಗಿತು. 1853ರಲ್ಲಿ ಬ್ರಿಟನ್ ಸಾಬೂನಿನ ಮೇಲಿನ ತೆರಿಗೆ ತೆಗೆಯಿತು. 1884ರಲ್ಲಿ ಅಲ್ಲಿನ ಉದ್ಯಮಿ ಲೀವರ್ ಸನ್‌ಲೈಟ್ ಹೆಸರಿನ ಸಾಬೂನು ತಂದ, ನಾಲ್ಕೇ ವರ್ಷದಲ್ಲಿ ಅದು ಭಾರತದ ಬಂದರಿಗೆ ಬಂತು. ಮೈಸೂರಿನ ಕಥೆ ಬೇರೆ ದಾರಿಯದು: ಮೊದಲ ಮಹಾಯುದ್ಧದಿಂದ ಶ್ರೀಗಂಧದ ರಫ್ತು ನಿಂತು ಕೊರಡುಗಳು ಉಳಿದುಹೋದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ 1916ರಲ್ಲಿ ಗಂಧದೆಣ್ಣೆಯನ್ನು ಇಲ್ಲೇ ಬಟ್ಟಿ ಇಳಿಸಲು ತೊಡಗಿತು. ಆ ಎಣ್ಣೆಗೊಂದು ದಾರಿಯಾಗಿ ಸರ್ಕಾರಿ ಸಾಬೂನು ಹುಟ್ಟಿತು. ಒಂದು ರಾಜ್ಯದ ಕೈಗಾರಿಕಾ ಸಾಹಸವಾಗಿ ಅದು ನಿಜಕ್ಕೂ ದೊಡ್ಡದು. ಆದರೆ ಸಾಬೂನು ಯಾವುದೇ ಇರಲಿ, ಅದು ಕೊಬ್ಬು ಮತ್ತು ಕ್ಷಾರ ಸೇರಿ ಆದದ್ದು, ನೀರಿನಲ್ಲಿ ಕರಗಿದಾಗ ಹುಳಿ ಕ್ಷಾರಗಳ ಅಳತೆಯಾದ ಪಿಎಚ್ ಒಂಬತ್ತು ಹತ್ತರ ಸುತ್ತ, ಅಂದರೆ ಕ್ಷಾರದ ಕಡೆಗೆ, ನಿಲ್ಲುತ್ತದೆ. ಇದೇ ಕಾಲಕ್ಕೆ ರೋಗಾಣುವಿನ ಸಿದ್ಧಾಂತವೂ ಮನೆಮನೆ ತಲುಪಿತು, ಜಾಹೀರಾತುಗಳು ಶುಚಿಯನ್ನು ಸಭ್ಯತೆಯ ಗುರುತಾಗಿಸಿದವು. ರಂಧ್ರದ ಬಾಯಲ್ಲಿ ಕಾಣುವ ಕಪ್ಪುಚುಕ್ಕೆಯನ್ನು ಸೇರಿಕೊಂಡ ಧೂಳೆಂದು ಓದುವುದು ಆ ವಾತಾವರಣದಲ್ಲಿ ಸುಲಭವಾಗಿತ್ತು.

ವೈದ್ಯರೂ ಇದರಿಂದ ಹೊರಗುಳಿಯಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲರ್ಧದ ಮೊಡವೆ ಚಿಕಿತ್ಸೆಯೆಂದರೆ ಬಹುಪಾಲು ಒಣಗಿಸುವ, ಸಿಪ್ಪೆ ಸುಲಿಸುವ ಚಿಕಿತ್ಸೆ: ಗಂಧಕ, ರೆಸಾರ್ಸಿನಾಲ್, ಮದ್ಯಸಾರದ ದ್ರಾವಣ. ಇನ್ನೂ ಮುಂದೆ ಹೋಗಿ, ಜಿಡ್ಡು ಸ್ರವಿಸುವ ಮೇದೋಗ್ರಂಥಿಗಳನ್ನು ಬತ್ತಿಸಲು ಎಳೆಯರ ಮುಖಕ್ಕೆ ಎಕ್ಸ್‌ರೇ ಹಾಯಿಸಿದರು. ದಶಕಗಳ ಕಾಲ ಅದು ಅಂಗೀಕೃತ ಚಿಕಿತ್ಸೆಯಾಗಿತ್ತು. ಹಾಗೆ ಕಿರಣಕ್ಕೆ ಮುಖವೊಡ್ಡಿದವರಲ್ಲಿ ಮುಂದೆ ಥೈರಾಯ್ಡ್ ಮತ್ತು ಚರ್ಮದ ಕ್ಯಾನ್ಸರ್ ಕಾಣಿಸಿಕೊಂಡಾಗ ಕೈಬಿಟ್ಟರು. ಜಿಡ್ಡಿನ ಮೇಲಿನ ದ್ವೇಷ ಎಷ್ಟು ದೂರ ಒಯ್ಯಬಲ್ಲದೆಂಬುದಕ್ಕೆ ಇದಕ್ಕಿಂತ ನೋವಿನ ಪುರಾವೆ ನನಗೆ ಕಾಣುವುದಿಲ್ಲ. ಅತ್ತ ಕಾರಣದ ಶೋಧ ಬೇರೆಡೆಗೆ ನಡೆದಿತ್ತು. 1941ರಲ್ಲಿ ಅಮೆರಿಕದ ಸಂಶೋಧಕ ಜೇಮ್ಸ್ ಹ್ಯಾಮಿಲ್ಟನ್, ಪ್ರಾಯಕ್ಕೆ ಮುನ್ನ ವೃಷಣ ಕಳೆದುಕೊಂಡವರಲ್ಲಿ ಮೊಡವೆ ಏಳುವುದಿಲ್ಲ, ಪುರುಷ ಹಾರ್ಮೋನ್ ಕೊಟ್ಟರೆ ಏಳಬಲ್ಲದು ಎಂದು ತೋರಿಸಿದ. 1970ರಲ್ಲಿ ಕಪ್ಪುಚುಕ್ಕೆಯ ಬಣ್ಣವನ್ನೇ ಪರೀಕ್ಷಿಸಿದಾಗ ಸಿಕ್ಕಿದ್ದು ಧೂಳಲ್ಲ, ನಮ್ಮ ಕೂದಲಿಗೂ ಚರ್ಮಕ್ಕೂ ಬಣ್ಣ ಕೊಡುವ ಮೆಲನಿನ್. ಎಷ್ಟು ತಿಕ್ಕಿದರೂ ಅದು ಹೋಗದಿರುವುದಕ್ಕೆ ಕಾರಣ ಇಷ್ಟೇ.

ತೊಳೆಯುವುದರಿಂದ ಮೊಡವೆ ಹೋಗದಿದ್ದರೆ ಬೇಡ, ಹಾನಿಯೇನು ಎಂದು ಕೇಳಬಹುದು. ಹಾನಿಯಿದೆ. 1928ರಲ್ಲಿ ಜರ್ಮನಿಯ ಶಾಡೆ ಮತ್ತು ಮಾರ್ಕಿಯೊನಿನಿ, ಚರ್ಮದ ಮೇಲ್ಮೈ ಹುಳಿಯಾದ ತೆಳುಹೊದಿಕೆ ಹೊದ್ದಿದೆ ಎಂದು ಬರೆದರು. ಅದರ ಪಿಎಚ್ ಐದರ ಆಸುಪಾಸು. ಜೀವಕೋಶಗಳ ನಡುವಿನ ಕೊಬ್ಬು ನೀರನ್ನು ಹಿಡಿದಿಡುವುದೂ, ಉರಿಸುವ ವಸ್ತುಗಳನ್ನು ತಡೆಯುವುದೂ ಈ ಹುಳಿಯನ್ನು ನೆಚ್ಚಿಕೊಂಡಿದೆಯೆಂದು ಮುಂದಿನ ದಶಕಗಳಲ್ಲಿ ತಿಳಿಯಿತು. ಕ್ಷಾರದ ಸಾಬೂನು ಅದನ್ನು ಕೆಲವು ಗಂಟೆಗಳಷ್ಟು ಕೆಡಿಸುತ್ತದೆ. ಗಟ್ಟಿಮುಟ್ಟಾದ ಚರ್ಮ ಅಷ್ಟರಲ್ಲಿ ಸುಧಾರಿಸಿಕೊಳ್ಳುತ್ತದೆ, ಒಣಚರ್ಮಕ್ಕೆ ಆ ಬಿಡುವೇ ಸಿಗುವುದಿಲ್ಲ. 1975ರಲ್ಲಿ ಅಮೆರಿಕದ ಚರ್ಮವೈದ್ಯರಾದ ಮಿಲ್ಸ್ ಮತ್ತು ಕ್ಲಿಗ್‌ಮನ್, ಪದೇ ಪದೇ ಸಾಬೂನಿನಿಂದ ತೊಳೆಯುವವರಲ್ಲಿ ಆ ತೊಳೆತದಿಂದಲೇ ಹುಟ್ಟುವ ಮೊಡವೆಯನ್ನು ವಿವರಿಸಿದರು. 1995ರಲ್ಲಿ ಜರ್ಮನಿಯ ಕೋರ್ಟಿಂಗ್ ತಂಡ ಎಳೆಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾಮೂಲಿ ಸಾಬೂನು, ಇನ್ನೊಂದಕ್ಕೆ ಹುಳಿ ಪಿಎಚ್‌ನ ಸಾಬೂನಲ್ಲದ ಬಾರ್ ಕೊಟ್ಟಿತು. ಮೂರು ತಿಂಗಳಲ್ಲಿ ಸಾಬೂನಿನವರ ಗುಳ್ಳೆ ಹೆಚ್ಚಿತ್ತು, ಇನ್ನೊಂದು ಗುಂಪಿನವರದು ತಗ್ಗಿತ್ತು.

ಹಾಗಾದರೆ ಅಜ್ಜಿಯ ಬಚ್ಚಲಿಗೇ ಮರಳೋಣವೇ? ಇದು ಅಷ್ಟು ಸರಳವಲ್ಲ, ಹಳೆಯದೆಲ್ಲ ಮೃದುವೆಂದು ನಂಬುವುದೂ ಇನ್ನೊಂದು ಮೋಸ. 1970ರಲ್ಲಿ ಅಮೆರಿಕದ ಸಂಶೋಧಕರು ತಲೆಗೆ ದಟ್ಟವಾದ ಎಣ್ಣೆ, ಪೊಮೇಡ್ ಹಚ್ಚುವವರ ಹಣೆ ಕಣತಲೆಗಳಲ್ಲಿ ಸಾಲುಗಟ್ಟುವ ಮೊಡವೆಯನ್ನು ಗುರುತಿಸಿದರು. ಕೊಬ್ಬರಿ ಎಣ್ಣೆ ಹಣೆಗೆ ಇಳಿಯುವಂತೆ ಬಾಚಿಕೊಳ್ಳುವ ನಮ್ಮ ಮಕ್ಕಳಿಗೂ ಆ ಮಾತು ಸಲ್ಲುತ್ತದೆ. ತರಿಯಾದ ಕಡಲೆಹಿಟ್ಟನ್ನು ಉರಿಯುವ ಗುಳ್ಳೆಯ ಮೇಲೆ ತಿಕ್ಕಿದರೆ ಅದೂ ಸ್ಕ್ರಬ್ಬೇ. ನಿಂಬೆರಸವಂತೂ ಹುಳಿಯಾದರೂ ಚರ್ಮದ ಹುಳಿಗಿಂತ ನೂರಾರು ಪಟ್ಟು ತೀಕ್ಷ್ಣ. ಇನ್ನು ಸಾಬೂನು ಪ್ರಾಣ ಉಳಿಸಿಲ್ಲವೇ ಎಂಬ ಆಕ್ಷೇಪ. ಖಂಡಿತ ಉಳಿಸಿದೆ, ಆದರೆ ಕೈ ತೊಳೆದು. ಅಂಗೈಯ ದಪ್ಪ ಚರ್ಮಕ್ಕೆ ಸಂದ ಶ್ರೇಯಸ್ಸನ್ನು ಕೆನ್ನೆಯ ಎಳೆ ಚರ್ಮಕ್ಕೆ ವಿಸ್ತರಿಸಿದ್ದೇ ತಪ್ಪು.

ಇದಕ್ಕಿಂತ ಬಲವಾದ ಆಕ್ಷೇಪ ಇನ್ನೊಂದಿದೆ. ಇಂದು ವೈದ್ಯರು ಬರೆಯುವ ಬೆಂಜೈಲ್ ಪೆರಾಕ್ಸೈಡ್, ರೆಟಿನಾಯ್ಡ್ ಮುಲಾಮುಗಳೂ ಮುಖವನ್ನು ಒಣಗಿಸುತ್ತವೆ, ಗುಣವನ್ನೂ ಕೊಡುತ್ತವೆ. ಹಾಗಿದ್ದರೆ ಒಣಗಿಸುವುದೇ ಮದ್ದಲ್ಲವೇ? ಮೊಡವೆಗೆ ರೆಟಿನಾಯ್ಡ್ ಹಚ್ಚಿದ ವರದಿಯನ್ನು 1969ರಲ್ಲಿ ಕ್ಲಿಗ್‌ಮನ್ ತಂಡ ಪ್ರಕಟಿಸಿದಾಗ ಚರ್ಮ ಕೆಂಪಾಗಿ ಸುಲಿಯುವುದನ್ನು ಚಿಕಿತ್ಸೆಯ ಭಾಗವೆಂದೇ ಎಣಿಸಲಾಗಿತ್ತು. ಅದೇ ಕ್ಲಿಗ್‌ಮನ್ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಸೆರೆಮನೆಯ ಕೈದಿಗಳ ಚರ್ಮದ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿದವನು. ಅದು ವೈದ್ಯಚರಿತ್ರೆಗೆ ಅಂಟಿದ ಕಳಂಕ, ಈ ಮದ್ದಿನ ಮಾತು ಬಂದಾಗ ಅದನ್ನು ಮರೆಮಾಚಬಾರದು. ಒಣಗಿಸುವುದರ ಬಗ್ಗೆ ಆಮೇಲಿನ ತಿಳಿವಳಿಕೆ ಹೇಳುವುದೇ ಬೇರೆ. ರೆಟಿನಾಯ್ಡ್ ಗುಣ ಕೊಡುವುದು ರಂಧ್ರದ ಬಾಯಲ್ಲಿ ಜೀವಕೋಶಗಳು ಗಂಟುಕಟ್ಟದಂತೆ ನೋಡಿಕೊಂಡು, ಬೆಂಜೈಲ್ ಪೆರಾಕ್ಸೈಡ್ ಗುಣ ಕೊಡುವುದು ಒಳಗಿನ ಬ್ಯಾಕ್ಟೀರಿಯಾ ಕೊಂದು. ಒಣಗುವಿಕೆ ಅವುಗಳ ಅಡ್ಡಪರಿಣಾಮ. ಆದ್ದರಿಂದಲೇ ಇವತ್ತಿನ ವೈದ್ಯರು ಅದೇ ಮುಲಾಮಿನ ಜೊತೆ ಮಾಯಿಶ್ಚರೈಸರ್ ಬರೆಯುತ್ತಾರೆ, ಚರ್ಮ ಸೂಕ್ಷ್ಮವಾಗಿದ್ದರೆ ದಿನಬಿಟ್ಟು ದಿನ ಶುರುಮಾಡಿಸುತ್ತಾರೆ.

ಕರ್ನಾಟಕದ ಬಯಲುಸೀಮೆಯಲ್ಲಿ ಈ ಚರಿತ್ರೆಗೆ ಇನ್ನೊಂದು ಅಧ್ಯಾಯ ಸೇರಿದೆ, ನೀರಿನದು. ಕೆರೆ ಬಾವಿಗಳು ಬತ್ತಿ ಬೋರ್‌ವೆಲ್‌ಗೆ ಬಿದ್ದ ಊರುಗಳಲ್ಲಿ ಬಚ್ಚಲಿಗೆ ಬರುವುದು ಹಲವೆಡೆ ಗಡಸು ನೀರು. ಅದರ ಕ್ಯಾಲ್ಸಿಯಂ ಜೊತೆ ಸಾಬೂನು ಸೇರಿದರೆ ನೊರೆ ಬರುವ ಬದಲು ಬಿಳಿ ಗಸಿಯಾಗುತ್ತದೆ. ಬಕೆಟ್ಟಿನ ಅಂಚಿನಲ್ಲಿ ಬೆರಳಾಡಿಸಿದರೆ ಸಿಕ್ಕುವ ಆ ಜಿಗುಟು ಪದರವೇ ಕೆನ್ನೆಯ ಮೇಲೂ ಉಳಿಯುತ್ತದೆ, ಮುಖ ಬಿಗಿದಂತಾಗಿ ಮಗು ಮತ್ತೆ ತೊಳೆಯುತ್ತದೆ. ಸಾಬೂನಲ್ಲದ ಕ್ಲೆನ್ಸರ್‌ಗಳು ಇಂಥ ಗಸಿ ಕಟ್ಟುವುದಿಲ್ಲ. ಆದ್ದರಿಂದ ಇಂಥ ಮಕ್ಕಳ ಮುಖಕ್ಕೆ ಸೋಪು ಬಿಡಿಸಿ, ದಿನಕ್ಕೆ ಎರಡೇ ಸಲ ಅಂಥ ಕ್ಲೆನ್ಸರಿನಿಂದ ಬೆರಳ ತುದಿಯಲ್ಲಿ ತೊಳೆಸಿ, ಹಸಿ ಆರುವ ಮೊದಲೇ ಪರಿಮಳವಿಲ್ಲದ, ರಂಧ್ರ ಮುಚ್ಚದ ಮಾಯಿಶ್ಚರೈಸರ್ ಹಚ್ಚಿಸಿ ಆರೆಂಟು ವಾರ ಕಾಯಬೇಕು. ಗುಳ್ಳೆ ಗಂಟಾಗಿ ನೋಯುತ್ತಿದ್ದರೆ, ಕಲೆ ಗುಂಡಿ ಬೀಳುತ್ತಿದ್ದರೆ ಅಷ್ಟು ದಿನವೂ ಕಾಯದೆ ಚರ್ಮವೈದ್ಯರಿಗೆ ತೋರಿಸಬೇಕು.